ದುಡಿಯುವ ಕೈಗಳ ಚಿತ್ರಕಾರ: ವಿನ್ಸೆಂಟ್ ವ್ಯಾನ್ ಗೋ

ಚಿತ್ರ ಬರೆಯುವ ಹವ್ಯಾಸವುಳ್ಳ ಯಾರನ್ನು ಬೇಕಾದರೂ ಕೇಳಿ ನೋಡಿ. ಮನುಷ್ಯನ ದೇಹದಲ್ಲಿ ಬರೆಯಲು ಅತ್ಯಂತ ಕಷ್ಟವಾದ ಅಂಗ ಮುಖವೆಂದು ಹೇಳುವವರು ಕಡಿಮೆ. ಕೈಯೆಂದು ಹೇಳುವವರೇ ಹೆಚ್ಚು. ಮುಖ ಹೇಗೋ ಬಂದೀತು. ಮೂಗು ತುಸು ಉದ್ದವಾದರೆ ಅದು ಬೇರೊಬ್ಬನ ಮೂಗಾದೀತೇ ಹೊರತು ಮೂಗೇ ಅಲ್ಲವೆಂದು ಯಾರೂ ಹೇಳರು. ಕೈಯ ಮಾತು ಹಾಗಲ್ಲ. ಹೆಬ್ಬೆರಳು ಒಂದು ನೂಲು ಆಚೆ ಸರಿದರೆ ಸಾಕು, ಕೈ ಹೋಗಿ ಬಾಳೆಹಣ್ಣಿನ ಚಿಪ್ಪಾಗುತ್ತದೆ. ಆದ್ದರಿಂದಲೇ ಹೊಸಬರು ಬರೆದ ಚಿತ್ರಗಳಲ್ಲಿ ಗಂಡಸರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೋ ಜೇಬಿನಲ್ಲಿ ಇಳಿಬಿಟ್ಟೋ ನಿಂತಿರುತ್ತಾರೆ. ಹೆಂಗಸರ ಕೈಗಳು ಸೆರಗಿನ ಮರೆಯಲ್ಲಿ ಅಡಗಿರುತ್ತವೆ.

ಈ ಕಷ್ಟಕ್ಕೆ ಕಾರಣವುಂಟು. ಮಣಿಕಟ್ಟಿನಲ್ಲಿ ೮, ಅಂಗೈಯಲ್ಲಿ ೫, ಬೆರಳುಗಳಲ್ಲಿ ೧೪, ಹೀಗೆ ಒಂದು ಕೈಯಲ್ಲಿ ೨೭ ಮೂಳೆಗಳಿವೆ. ನಾಲ್ಕು ಬೆರಳುಗಳು ಒಂದು ದಿಕ್ಕಿಗೆ ಮಡಿದರೆ ಹೆಬ್ಬೆರಳು ಅವಕ್ಕೆ ಅಡ್ಡವಾಗಿ ಮಡಿಯುತ್ತದೆ. ಗೆಣ್ಣುಗಳು ಒಂದೇ ನೇರದಲ್ಲಿ ಇರುವುದಿಲ್ಲ, ಬಿಲ್ಲಿನಂತೆ ಬಾಗಿರುತ್ತವೆ. ಅದೇ ಬೆರಳು ಕೈಯ ಬೆನ್ನಿನ ಕಡೆಯಿಂದ ನೋಡಿದರೆ ಉದ್ದ, ಅಂಗೈಯ ಕಡೆಯಿಂದ ನೋಡಿದರೆ ಗಿಡ್ಡ. ಇದೆಲ್ಲಕ್ಕಿಂತ ದೊಡ್ಡ ತೊಡಕು ನಮ್ಮ ಮನಸ್ಸಿನದು. ನಾವು ಕಣ್ಣು ಕಂಡದ್ದನ್ನು ಬರೆಯುವುದಿಲ್ಲ, ಮನಸ್ಸು ಬಲ್ಲದ್ದನ್ನು ಬರೆಯುತ್ತೇವೆ. ಬೆರಳು ಐದೆಂದು ಬಲ್ಲ ಮನಸ್ಸು, ಮೂರೇ ಕಾಣುತ್ತಿರುವಾಗಲೂ ಐದನ್ನೂ ಬಿಡಿಸಿ ಹರವಿಬಿಡುತ್ತದೆ.

ಈ ಕಷ್ಟದೊಂದಿಗೆ ಹತ್ತು ವರ್ಷ ಹೆಣಗಿದ ಒಬ್ಬನ ಬಾಳನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ವಿನ್ಸೆಂಟ್ ವ್ಯಾನ್ ಗೋ ಎಂದೊಡನೆ ಜನರ ಮನಸ್ಸಿಗೆ ಬರುವುದು ಸೂರ್ಯಕಾಂತಿ ಹೂಗಳು, ಸುಳಿಸುಳಿಯಾದ ಇರುಳಿನ ಆಕಾಶ, ಕೊಯ್ದುಕೊಂಡ ಕಿವಿ. ಹುಚ್ಚು ಕೆರಳಿದಾಗ ಕುಂಚ ತಾನಾಗಿಯೇ ಓಡಿತೆಂಬ ಕಥೆ ಕೇಳಲು ಸೊಗಸಾಗಿದೆ. ಆದರೆ ಅವನ ಬಾಳನ್ನು ಓದಿದಷ್ಟೂ ನನಗೆ ಆ ಕಥೆಯಲ್ಲಿ ನಂಬಿಕೆ ಕಡಿಮೆಯಾಗಿದೆ. ನನ್ನ ಕಣ್ಣ ಮುಂದೆ ನಿಲ್ಲುವ ವಿನ್ಸೆಂಟನೇ ಬೇರೆ: ೨೭ನೆಯ ವಯಸ್ಸಿನಲ್ಲಿ, ಮೀಸೆ ಗಡ್ಡ ಬಂದ ಮೇಲೆ, ಶಾಲೆಯ ಹುಡುಗನಂತೆ ಮಾದರಿ ಪುಸ್ತಕವನ್ನು ಮುಂದಿಟ್ಟುಕೊಂಡು ಕೈಕಾಲುಗಳನ್ನು ತಿದ್ದುತ್ತ ಕುಳಿತ ಬಡವ.

ವಿನ್ಸೆಂಟ್ ಹುಟ್ಟಿದ್ದು ೧೮೫೩ರ ಮಾರ್ಚ್ ೩೦ರಂದು, ಹಾಲೆಂಡಿನ ದಕ್ಷಿಣ ಭಾಗದ ಜುಂಡರ್ಟ್ ಎಂಬ ಹಳ್ಳಿಯಲ್ಲಿ. ತಂದೆ ಪ್ರಾಟೆಸ್ಟಂಟ್ ಪಾದ್ರಿ. ಮನೆಯಲ್ಲಿ ಅಷ್ಟಿಷ್ಟು ಚಿತ್ರ ಗೀಚುವುದಿತ್ತೇ ಹೊರತು ಹುಡುಗ ಮುಂದೆ ಚಿತ್ರಕಾರನಾದಾನೆಂದು ಯಾರೂ ಎಣಿಸಿರಲಿಲ್ಲ. ದೊಡ್ಡಪ್ಪನೊಬ್ಬ ಪಾಲುದಾರನಾಗಿದ್ದ ಗುಪಿಲ್ ಎಂಬ ಚಿತ್ರವ್ಯಾಪಾರದ ಸಂಸ್ಥೆಯಲ್ಲಿ ೧೮೬೯ರಲ್ಲಿ ಕೆಲಸಕ್ಕೆ ಸೇರಿದ. ಹೇಗ್, ಲಂಡನ್, ಪ್ಯಾರಿಸ್ ನಗರಗಳಲ್ಲಿ ಏಳು ವರ್ಷ ದುಡಿದ ಮೇಲೆ ೧೮೭೬ರಲ್ಲಿ ಆ ಕೆಲಸ ಹೋಯಿತು. ಆಮೇಲೆ ಇಂಗ್ಲೆಂಡಿನಲ್ಲಿ ಉಪಾಧ್ಯಾಯಗಿರಿ, ಅದು ನಿಲ್ಲಲಿಲ್ಲ. ಪುಸ್ತಕದ ಅಂಗಡಿಯ ಚಾಕರಿ, ಅದೂ ನಿಲ್ಲಲಿಲ್ಲ. ಪಾದ್ರಿಯಾಗಬೇಕೆಂದು ಆಮ್ಸ್ಟರ್‌ಡ್ಯಾಮಿನಲ್ಲಿ ಗ್ರೀಕ್ ಲ್ಯಾಟಿನ್ ಓದತೊಡಗಿ, ೧೮೭೮ರಲ್ಲಿ ಅದನ್ನೂ ಕೈಬಿಟ್ಟ.

ಆ ವರ್ಷದ ಕೊನೆಗೆ ಬೆಲ್ಜಿಯಂ ದೇಶದ ಬೊರಿನಾಜ್ ಎಂಬ ಕಲ್ಲಿದ್ದಲಿನ ಸೀಮೆಗೆ ಧರ್ಮೋಪದೇಶಕನಾಗಿ ಹೋದ. ಗಣಿಯ ಜನರ ಬಡತನವನ್ನು ಕಂಡು ತನ್ನ ಬಟ್ಟೆಬರೆಗಳನ್ನು ಹಂಚಿಬಿಟ್ಟ. ಹುಲ್ಲಿನ ಮೇಲೆ ಮಲಗಿದ. ಉಪದೇಶಕನಾದವನು ಹೀಗೆ ಭಿಕಾರಿಯಂತಿರುವುದು ಮೇಲಿನವರಿಗೆ ಸರಿಕಾಣಲಿಲ್ಲ. ೧೮೭೯ರಲ್ಲಿ ಅವನ ನೇಮಕವನ್ನು ಅವರು ಮುಂದುವರಿಸಲಿಲ್ಲ. ಹೀಗೆ ಹಿಡಿದ ಕೆಲಸವೆಲ್ಲ ಜಾರಿಹೋದ ಮೇಲೆ ೧೮೮೦ರ ಬೇಸಗೆಯಲ್ಲಿ, ಪ್ಯಾರಿಸಿನಲ್ಲಿದ್ದ ತಮ್ಮ ಥಿಯೋನ ಪ್ರೋತ್ಸಾಹದಿಂದ, ವಿನ್ಸೆಂಟ್ ಚಿತ್ರಕಾರನಾಗಲು ನಿಶ್ಚಯಿಸಿದ. ಕೆಲಸ ಬದಲಿಸುವುದು ಅವನಿಗೆ ಹೊಸದಲ್ಲ. ಹೊಸದೆಂದರೆ, ಈ ಸಲ ಹಿಡಿದದ್ದನ್ನು ಬಿಡಲಿಲ್ಲ.

ಅವನು ಕಲಿಯಲು ಹೊರಟ ರೀತಿ ಗಮನಿಸತಕ್ಕದ್ದು. ಹಿಂದೆ ತನ್ನ ಮೇಲಧಿಕಾರಿಯಾಗಿದ್ದ ಹೇಗ್ ನಗರದ ಟೆರ್ಸ್ಟೀಗ್ ಎಂಬವನಿಗೆ ಬರೆದು ಶಾರ್ಲ್ ಬಾರ್ಗ್ ಎಂಬ ಫ್ರೆಂಚ್ ಚಿತ್ರಕಾರನ ಅಭ್ಯಾಸದ ಹಾಳೆಗಳನ್ನು ಎರವಲು ತರಿಸಿಕೊಂಡ. ಗುಪಿಲ್ ಸಂಸ್ಥೆಯೇ ಅಚ್ಚು ಹಾಕಿಸಿದ ಮೂರು ಭಾಗಗಳ ಪಾಠವದು. ಮೊದಲ ಭಾಗದಲ್ಲಿ ಪ್ಲಾಸ್ಟರಿನ ಕೈ, ಕಾಲು, ತಲೆಗಳ ಚಿತ್ರಗಳು. ಎರಡನೆಯದರಲ್ಲಿ ಹಿಂದಿನ ದೊಡ್ಡ ಕಲಾವಿದರ ರೇಖಾಚಿತ್ರಗಳು. ಮೂರನೆಯದರಲ್ಲಿ ಇದ್ದಿಲಿನಿಂದ ಅಭ್ಯಾಸ ಮಾಡಲು ಬೆತ್ತಲೆ ದೇಹದ ೬೦ ಮಾದರಿಗಳು. ಅನೇಕ ಹಾಳೆಗಳಲ್ಲಿ ಒಂದು ಪಕ್ಕ ಕೆಲವೇ ನೇರ ಗೆರೆಗಳ ಕಟ್ಟು, ಮತ್ತೊಂದು ಪಕ್ಕ ನೆರಳು ಬೆಳಕು ತುಂಬಿದ ಪೂರ್ಣ ಚಿತ್ರ. ಇದರ ಮರ್ಮ ಸರಳವಾದುದು: ಬೆರಳನ್ನು ಬೆರಳೆಂದು ಬರೆಯಬೇಡ, ಮೊದಲು ಇಡೀ ಕೈಯ ಹೊರಮೈಯನ್ನು ನಾಲ್ಕಾರು ನೇರ ಗೆರೆಗಳಲ್ಲಿ ಹಿಡಿ, ಆಮೇಲೆ ಗೆಣ್ಣುಗಳ ಬಾಗನ್ನು ಗುರುತಿಸು, ಬೆರಳು ಕಟ್ಟಕಡೆಗೆ ಬರಲಿ. ನಾನು ಈ ಕ್ರಮದಲ್ಲಿ ಕೆಲವು ತಿಂಗಳಿಂದ ನನ್ನ ಎಡಗೈಯನ್ನೇ ಬರೆಯುತ್ತಿದ್ದೇನೆ. ಕೂಲಿ ಕೇಳದ, ಹೇಳಿದಂತೆ ಕೇಳುವ, ಸದಾ ಜೊತೆಗಿರುವ ಮಾದರಿ ಅದೊಂದೇ. ನೇರ ಗೆರೆಯ ಕಟ್ಟು ಬಿದ್ದ ದಿನ ಕೈ ಕೈಯಾಗಿಯೇ ಬರುತ್ತದೆ.

ಗಣಿಕೆಲಸಗಾರನೊಬ್ಬನ ಮನೆಯ ಇಕ್ಕಟ್ಟಾದ ಕೋಣೆಯಲ್ಲಿ ವಿನ್ಸೆಂಟ್ ಈ ಹಾಳೆಗಳನ್ನು ಒಂದಾದ ಮೇಲೊಂದು ತಿದ್ದಿದ. ಅವುಗಳೊಡನೆ ರೈತರ ಬಾಳನ್ನು ಬರೆದ ಫ್ರೆಂಚ್ ಕಲಾವಿದ ಮಿಲೆಯ ಚಿತ್ರಗಳ ಅಚ್ಚುಪ್ರತಿಗಳನ್ನೂ ನಕಲು ಮಾಡಿದ. ಅಕ್ಟೋಬರಿನಲ್ಲಿ ಬ್ರಸೆಲ್ಸಿಗೆ ಹೋಗಿ ಅಂಗರಚನೆಯ ಪುಸ್ತಕವನ್ನು ಹಿಡಿದ. ಅಸ್ಥಿಪಂಜರವನ್ನು ಐದು ದೊಡ್ಡ ಹಾಳೆಗಳಲ್ಲಿ ಶಾಯಿಯಿಂದ ಬರೆದ. ಅವುಗಳಲ್ಲಿ ತಲೆಗೆ ಒಂದು, ಎದೆಗೂಡಿಗೆ ಒಂದು, ಸೊಂಟ ಮತ್ತು ಕಾಲಿಗೆ ಸೇರಿ ಒಂದು; ಕೈಗೆ ಮಾತ್ರ ಎರಡು, ಅಂಗೈಗೊಂದು, ಬೆನ್ನಿಗೊಂದು. ಐದರಲ್ಲಿ ಎರಡು ಹಾಳೆಗಳನ್ನು ಕೈಗೆ ಮೀಸಲಿಟ್ಟವನಿಗೆ ಕಷ್ಟ ಎಲ್ಲಿದೆಯೆಂಬುದು ಆರಂಭದಲ್ಲಿಯೇ ತಿಳಿದಿತ್ತು. ಆಂಟನ್ ವಾನ್ ರಾಪಾರ್ಡ್ ಎಂಬ ತರುಣ ಕಲಾವಿದನ ಸ್ನೇಹವಾದದ್ದೂ ಅಲ್ಲಿಯೇ.

೧೮೮೧ರಲ್ಲಿ ಎಟನ್ ಎಂಬ ಹಳ್ಳಿಯಲ್ಲಿದ್ದ ತಂದೆತಾಯಿಗಳ ಮನೆಗೆ ಬಂದು, ಪುಸ್ತಕ ಬಿಟ್ಟು ಬದುಕಿರುವ ಜನರನ್ನು ಬರೆಯತೊಡಗಿದ. ಅಗೆಯುವವರು, ಬಿತ್ತುವವರು, ಹೊಲಿಯುವ ಹೆಂಗಸರು ಅವನ ಮಾದರಿಗಳು. ಅವರನ್ನು ಒಪ್ಪಿಸುವುದೇ ಒಂದು ಸಾಹಸ. ಚಿತ್ರ ಬರೆಯುತ್ತಾರೆಂದರೆ ಅವರು ಭಾನುವಾರದ ಒಳ್ಳೆಯ ಬಟ್ಟೆ ತೊಟ್ಟು ಬರುತ್ತಿದ್ದರು. ಗಂಜಿ ಹಾಕಿದಂಥ ಆ ಬಟ್ಟೆಯೊಳಗೆ ಮೊಣಕೈ ಎಲ್ಲಿ, ಮೊಣಕಾಲು ಎಲ್ಲಿ ಎಂಬುದೇ ತಿಳಿಯುತ್ತಿರಲಿಲ್ಲ. ಅವನಿಗೆ ಬೇಕಾದದ್ದು ದುಡಿದು ಸವೆದ ಬಟ್ಟೆ, ದುಡಿದು ಗಂಟುಬಿದ್ದ ಕೈ.

ಆ ವರ್ಷದ ಕೊನೆಯಲ್ಲಿ ಹೇಗ್ ನಗರದಲ್ಲಿ ಬಂಧುವೂ ಹೆಸರಾಂತ ಚಿತ್ರಕಾರನೂ ಆಗಿದ್ದ ಆಂಟನ್ ಮೌವ್ ಅವನಿಗೆ ಗುರುವಾದ. ಮೌವ್ ಹೇಳಿಕೊಟ್ಟ ಒಂದು ಪಾಠವನ್ನು ನಾವೂ ನೆನಪಿಡಬಹುದು. ವಿನ್ಸೆಂಟ್ ಮಾದರಿಯ ಮೈಮೇಲೆ ಬಿದ್ದಂತೆ ಹತ್ತಿರ ಕೂರುತ್ತಿದ್ದುದರಿಂದ ಅಳತೆ ಸಿಗುತ್ತಿರಲಿಲ್ಲ. ದೂರ ಸರಿದು ಕುಳಿತರೆ ಕೈ ಎಷ್ಟು, ಮುಖವೆಷ್ಟು ಎಂಬ ಪ್ರಮಾಣ ಕಣ್ಣಿಗೆ ಬೀಳುತ್ತದೆ. ಆದರೆ ಗುರುಶಿಷ್ಯರ ಈ ಸಂಬಂಧ ಬಹುಕಾಲ ಉಳಿಯಲಿಲ್ಲ. ೧೮೮೨ರಲ್ಲಿ ಮೌವ್, ಪ್ಲಾಸ್ಟರಿನ ಪ್ರತಿಕೃತಿಗಳನ್ನು ನೋಡಿ ಬರೆಯಬೇಕೆಂದು ಒತ್ತಾಯ ಮಾಡಿದ. ವಿನ್ಸೆಂಟನಿಗೆ ಕೆಂಡದಂಥ ಕೋಪ ಬಂತು. ಮನೆಗೆ ಬಂದವನೇ ಪ್ಲಾಸ್ಟರಿನ ಕೈಕಾಲುಗಳನ್ನು ಇದ್ದಿಲಿನ ಡಬ್ಬಕ್ಕೆ ಎಸೆದು ಪುಡಿಮಾಡಿದ. ಬದುಕಿರುವ ಮನುಷ್ಯರ ಕೈಕಾಲುಗಳು ಲೋಕದಲ್ಲಿ ಮುಗಿದುಹೋದ ದಿನ ಬೇಕಾದರೆ ಪ್ಲಾಸ್ಟರನ್ನು ನೋಡಿ ಬರೆದೇನೆಂಬುದು ಅವನ ನಿಲುವು.

ಈ ಪ್ರಸಂಗವನ್ನು ಹೇಳಿ ಅವನನ್ನು ನಿಯಮ ಮುರಿದ ವೀರನೆಂದು ಕೊಂಡಾಡುವುದುಂಟು. ನನಗೆ ಹಾಗೆ ತೋರುವುದಿಲ್ಲ. ಮೌವನ ಮಾತಿನಲ್ಲಿ ತಪ್ಪಿರಲಿಲ್ಲ. ಅಲುಗಾಡದ ವಸ್ತುವಿನಲ್ಲಿ ನೆರಳಿನ ಓಟವನ್ನು ಕಲಿಯುವುದು ಸುಲಭ. ವಿನ್ಸೆಂಟನೂ ಎರಡು ವರ್ಷದ ಹಿಂದೆ ಬಾರ್ಗನ ಹಾಳೆಗಳಲ್ಲಿ ಅದೇ ಪ್ಲಾಸ್ಟರಿನ ಕೈಯನ್ನು ತಿದ್ದಿದ್ದವನೇ. ಅವನಿಗೆ ಬೇಡವಾದದ್ದು ಶಿಸ್ತಲ್ಲ. ದುಡಿಮೆಯನ್ನು ಅರಿಯದ ನುಣುಪು ಕೈಯೊಂದೇ ಕೈಗಳಿಗೆಲ್ಲ ಮಾದರಿಯೆಂಬ ತೀರ್ಪು ಅವನಿಗೆ ಬೇಡವಾಯಿತು. ಮೌವನ ಮೇಲಿನ ಗೌರವ ಅವನಲ್ಲಿ ಅಳಿಯಲಿಲ್ಲವೆಂಬುದಕ್ಕೆ ಸಾಕ್ಷಿಯಿದೆ: ೧೮೮೮ರಲ್ಲಿ ಮೌವ್ ತೀರಿಕೊಂಡ ಸುದ್ದಿ ತಿಳಿದಾಗ, ಹೂಬಿಟ್ಟ ಪೀಚ್ ಮರಗಳ ತನ್ನ ಚಿತ್ರವೊಂದನ್ನು ಅವನ ನೆನಪಿಗೆ ಅರ್ಪಿಸಿದ.

ಹೇಗ್ ನಗರದಲ್ಲಿ ವಿನ್ಸೆಂಟ್ ಸೀನ್ ಎಂಬ ದಿಕ್ಕಿಲ್ಲದ ಬಸುರಿ ಹೆಂಗಸಿಗೂ ಅವಳ ಮಗುವಿಗೂ ತನ್ನ ಮನೆಯಲ್ಲಿ ಆಶ್ರಯ ಕೊಟ್ಟ. ಬಂಧುಗಳೂ ಬಲ್ಲವರೂ ಮುಖ ತಿರುಗಿಸಿದರು. ಥಿಯೋ ತಿಂಗಳು ತಿಂಗಳೂ ಕಳಿಸುತ್ತಿದ್ದ ಹಣದಲ್ಲಿ ಮನೆಯೂ ನಡೆಯಬೇಕು, ಮಾದರಿಗಳ ಕೂಲಿಯೂ ಆಗಬೇಕು. ಹಾಗಿದ್ದೂ ಆ ಕಾಲದಲ್ಲಿ ಅವನು ಬರೆದ ಒಂದು ಚಿತ್ರ ನನ್ನನ್ನು ಬಹಳವಾಗಿ ಕಾಡಿದೆ. ಅನಾಥ ವೃದ್ಧರ ಆಶ್ರಮದ ಮುದುಕನೊಬ್ಬ ಕುರ್ಚಿಯಲ್ಲಿ ಕುಳಿತಿದ್ದಾನೆ. ಮೊಣಕೈಗಳನ್ನು ತೊಡೆಯ ಮೇಲೆ ಊರಿ, ಬಿಗಿದ ಎರಡು ಮುಷ್ಟಿಗಳಲ್ಲಿ ಮುಖವನ್ನು ಅಡಗಿಸಿದ್ದಾನೆ. ೧೮೮೨ರ ಈ ಚಿತ್ರದಲ್ಲಿ ಮುಖ ಕಾಣುವುದೇ ಇಲ್ಲ. ಬಾಳೆಲ್ಲ ಸವೆದುಹೋದುದರ ಕಥೆಯನ್ನು ಹೇಳುವುದು ಆ ಎರಡು ಮುಷ್ಟಿಗಳೇ. ಕೈ ಬಾರದೆಂದು ಹೊಸಬರು ಕೈಯನ್ನು ಮರೆಮಾಡುತ್ತಾರೆ. ಕಲಿಯತೊಡಗಿ ಎರಡೇ ವರ್ಷವಾಗಿದ್ದ ಇವನು ಮುಖವನ್ನು ಮರೆಮಾಡಿ ಕೈಯನ್ನು ತೋರಿಸಿದ.

ಸೀನಳೊಂದಿಗಿನ ಸಂಸಾರ ೧೮೮೩ರಲ್ಲಿ ಮುರಿಯಿತು. ಆ ವರ್ಷದ ಡಿಸೆಂಬರಿನಲ್ಲಿ ವಿನ್ಸೆಂಟ್ ನ್ಯೂನೆನ್ ಎಂಬ ಹಳ್ಳಿಗೆ, ಆಗ ತಂದೆತಾಯಿಗಳಿದ್ದಲ್ಲಿಗೆ, ಮರಳಿದ. ನೇಕಾರರೂ ಒಕ್ಕಲಿಗರೂ ಇದ್ದ ಊರು. ಮೊದಲು ಮಗ್ಗದ ಮುಂದೆ ಕುಳಿತವರನ್ನು ಬರೆದ. ಬಳಿಕ ೧೮೮೪ರ ಚಳಿಗಾಲದಲ್ಲಿ ರೈತರ ಮುಖಗಳನ್ನು ಐವತ್ತು ಬರೆದೇ ತೀರುತ್ತೇನೆಂದು ಹಟ ಹಿಡಿದು ಕುಳಿತ. ಮುಖಗಳ ಜೊತೆಜೊತೆಗೆ ಕೈಗಳು: ಹಿಡಿ ಹಿಡಿದ ಕೈ, ಮಡಿಲಲ್ಲಿ ಬಿದ್ದ ಕೈ, ಬಟ್ಟಲು ಹಿಡಿದ ಕೈ. ೧೮೮೫ರ ಮಾರ್ಚಿನಲ್ಲಿ ತಂದೆ ಹಠಾತ್ತನೆ ತೀರಿಕೊಂಡ. ಆ ದುಃಖದ ಬೆನ್ನಲ್ಲೇ, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಅವನ ಮೊದಲ ದೊಡ್ಡ ಕೃತಿ ಸಿದ್ಧವಾಯಿತು. ಅದೇ ‘ಆಲೂಗೆಡ್ಡೆ ತಿನ್ನುವವರು’.

೮೨ ಸೆಂಟಿಮೀಟರ್ ಎತ್ತರ, ೧೧೪ ಸೆಂಟಿಮೀಟರ್ ಅಗಲದ ಈ ಚಿತ್ರ ಆಮ್ಸ್ಟರ್‌ಡ್ಯಾಮಿನ ವ್ಯಾನ್ ಗೋ ವಸ್ತುಸಂಗ್ರಹಾಲಯದಲ್ಲಿದೆ. ತೂಗುದೀಪವೊಂದರ ಮಂಕು ಬೆಳಕಿನಲ್ಲಿ ಐದು ಜನ ಮೇಜಿನ ಸುತ್ತ ಕುಳಿತಿದ್ದಾರೆ. ಒಂದೇ ತಟ್ಟೆಯಿಂದ ಬಿಸಿ ಆಲೂಗೆಡ್ಡೆಯನ್ನು ತೆಗೆದುಕೊಳ್ಳುತ್ತಿದ್ದಾರೆ. ಮುದುಕಿ ಬಟ್ಟಲುಗಳಿಗೆ ಕಾಫಿ ಬಗ್ಗಿಸುತ್ತಿದ್ದಾಳೆ. ಬಣ್ಣವೆಲ್ಲ ಮಣ್ಣು ಮೆತ್ತಿದ ಆಲೂಗೆಡ್ಡೆಯ ಬಣ್ಣ. ಆ ಕೈಗಳನ್ನು ನೋಡಿದವರು ಮರೆಯುವುದಿಲ್ಲ. ಒರಟು, ಗಂಟುಗಂಟು, ಮೂಳೆ ಎದ್ದು ಕಾಣುವ ಕೈಗಳು. ತಟ್ಟೆಗೆ ಚಾಚಿದ ಕೈಗಳೇ ನೆಲವನ್ನು ಅಗೆದು ಆ ಬೆಳೆಯನ್ನು ತೆಗೆದಿವೆ, ಈ ಊಟ ನ್ಯಾಯವಾಗಿ ದುಡಿದದ್ದು ಎಂಬ ಭಾವವನ್ನು ಚಿತ್ರದಲ್ಲಿ ಮೂಡಿಸಬೇಕೆಂಬುದು ತನ್ನ ಗುರಿಯೆಂದು ಅವನು ತಮ್ಮನಿಗೆ ತಿಳಿಸಿದ್ದ. ಉಂಡವನ ಕೈಯನ್ನು ನೋಡಿದರೆ ಅನ್ನ ಎಲ್ಲಿಂದ ಬಂತೆಂಬುದು ತಿಳಿಯಬೇಕು. ಇದಕ್ಕಿಂತ ದೊಡ್ಡ ಮಾತನ್ನು ಕೈಯ ಚಿತ್ರವೊಂದು ಹೇಳಬಲ್ಲುದೆಂದು ನಾನು ಕಾಣೆ.

ಅದರ ಶಿಲಾಮುದ್ರಣದ ಪ್ರತಿಯೊಂದನ್ನು ವಿನ್ಸೆಂಟ್ ಗೆಳೆಯ ರಾಪಾರ್ಡನಿಗೆ ಕಳಿಸಿದ. ಬಂದ ಉತ್ತರ ಚಾಟಿಯೇಟಿನಂತಿತ್ತು. ಹಿಂದೆ ಕುಳಿತ ಹೆಂಗಸಿನ ಕೈ ಸುಳ್ಳು, ಒಬ್ಬನ ತೋಳು ಮೊಟಕು, ಬಲಗಡೆಯವನಿಗೆ ಮೊಣಕಾಲೂ ಇಲ್ಲ, ಹೊಟ್ಟೆಯೂ ಇಲ್ಲವೆಂದು ರಾಪಾರ್ಡ್ ಎಣಿಸಿ ಎಣಿಸಿ ಹೇಳಿದ್ದ. ವಿನ್ಸೆಂಟ್ ಆ ಕಾಗದವನ್ನು ಹಾಗೆಯೇ ಹಿಂದಕ್ಕೆ ಕಳಿಸಿದ. ಐದು ವರ್ಷದ ಸ್ನೇಹ ಒಡೆದುಹೋಯಿತು.

ಇವರಲ್ಲಿ ಯಾರ ಮಾತು ಸರಿ? ನಮ್ಮಲ್ಲಿ ಚಿತ್ರ ಬರೆಯುವವರೆಲ್ಲ ಎದುರಿಸಬೇಕಾದ ಪ್ರಶ್ನೆಯಿದು. ಅಂಗರಚನೆಯ ಅಳತೆಗೋಲು ಹಿಡಿದರೆ ರಾಪಾರ್ಡನ ಆಕ್ಷೇಪಣೆಗಳಲ್ಲಿ ಹುರುಳಿದೆ. ಆದರೆ ತೋಳನ್ನು ಸರಿಯಾದ ಉದ್ದಕ್ಕೆ ಎಳೆದುಬಿಟ್ಟರೆ ಆ ಮನೆಯ ಹಸಿವೂ ಆಯಾಸವೂ ಹಾಗೆಯೇ ಉಳಿಯುತ್ತಿದ್ದವೇ ಎಂಬುದು ವಿನ್ಸೆಂಟನ ವಾದ. ಅವನು ತಪ್ಪುಗಳೇ ಇಲ್ಲವೆಂದು ಸಾಧಿಸಲಿಲ್ಲ. ಕ್ಯಾಮರಾ ಹಿಡಿದಂಥ ಸರಿತನ ತನ್ನ ಗುರಿಯಲ್ಲ, ಅಗೆಯುವವನು ಅಗೆಯುತ್ತಿರಬೇಕು, ಅದು ಮುಖ್ಯ ಎಂದ. ಆದರೆ ವಾದ ಮಾಡಿ ಸುಮ್ಮನೆ ಕೂರಲಿಲ್ಲ. ಆ ಬೇಸಗೆಯೆಲ್ಲ ಹೊಲದಲ್ಲಿ ಬಗ್ಗಿ ದುಡಿಯುವ ಗಂಡಸರನ್ನೂ ಹೆಂಗಸರನ್ನೂ ದೊಡ್ಡ ದೊಡ್ಡ ಹಾಳೆಗಳಲ್ಲಿ ಬರೆದ. ಟೀಕೆಗೆ ಅವನ ನಿಜವಾದ ಉತ್ತರ ಆ ಹಾಳೆಗಳಲ್ಲಿದೆ. ಅಲ್ಲಿ ದೇಹಗಳು ದುಂಡಗಾಗಿವೆ, ತೂಕ ಬಂದಿದೆ, ಗುದ್ದಲಿ ಹಿಡಿದ ಕೈಗೆ ಗುದ್ದಲಿಯ ಭಾರ ತಿಳಿದಿದೆ. ಕೊನೆಗೆ ಊರಿನ ಕ್ಯಾಥೊಲಿಕ್ ಪಾದ್ರಿ, ಯಾರೂ ಇವನೆದುರು ಮಾದರಿಯಾಗಿ ಕೂರಕೂಡದೆಂದು ಕಟ್ಟಪ್ಪಣೆ ಮಾಡಿದ ಮೇಲೆ ಆ ಹಳ್ಳಿಯ ಕೈಗಳು ಅವನಿಗೆ ಸಿಗದೆಹೋದವು.

ಅದೇ ವರ್ಷದ ಅಕ್ಟೋಬರಿನಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಹೊಸದಾಗಿ ತೆರೆದಿದ್ದ ರೈಕ್ಸ್ ಮ್ಯೂಸಿಯಮ್ಮಿಗೆ ಹೋದ. ರೆಂಬ್ರಾಂಟನ ‘ಯೆಹೂದಿ ವಧು’ ಚಿತ್ರದ ಮುಂದಿನಿಂದ ಅವನನ್ನು ಎಬ್ಬಿಸುವುದೇ ಜೊತೆಗೆ ಹೋದ ಗೆಳೆಯನಿಗೆ ಕಷ್ಟವಾಯಿತಂತೆ. ಆ ಚಿತ್ರದ ನಡುವೆ ಇರುವುದು ಹೆಣ್ಣಿನ ಎದೆಯ ಮೇಲಿಟ್ಟ ಗಂಡಿನ ಕೈ, ಅದನ್ನು ಮೆಲ್ಲನೆ ಮುಟ್ಟಿದ ಅವಳ ಕೈ. ರೆಂಬ್ರಾಂಟ್, ಫ್ರಾನ್ಸ್ ಹಾಲ್ಸ್ ಇವರು ಬರೆದ ಕೈಗಳು ಹತ್ತಿರದಿಂದ ನೋಡಿದರೆ ಪೂರ್ತಿಯಾದವಲ್ಲ, ಆದರೂ ಬದುಕಿವೆ ಎಂಬುದು ಅವನಿಗೆ ಅಂದು ಕಂಡ ಸತ್ಯ. ಹೀಗೆ ಪೂರ್ತಿ ಮಾಡದೆ ಬಿಡುವ ಅಧಿಕಾರ ಪೂರ್ತಿ ಮಾಡಲು ಬಲ್ಲವನಿಗೆ ಮಾತ್ರ ಉಂಟೆಂದು ನನ್ನ ಅಭಿಪ್ರಾಯ.

೧೮೮೬ರ ಆರಂಭದಲ್ಲಿ ಆಂಟ್ವರ್ಪಿನ ಕಲಾಶಾಲೆಗೆ ಸೇರಿದ. ಅಲ್ಲಿ ಅವನ ಮುಂದಿಟ್ಟದ್ದು ಮತ್ತೆ ಪ್ಲಾಸ್ಟರಿನ ಮೂರ್ತಿಗಳನ್ನೇ. ಈ ಸಲ ಅವನು ಒಡೆಯಲಿಲ್ಲ, ಬರೆದ. ಪರೀಕ್ಷಕರು ಅವನನ್ನು ಆರಂಭದ ತರಗತಿಗೆ ಇಳಿಸಬೇಕೆಂದು ತೀರ್ಮಾನಿಸಿದರು. ಅಷ್ಟು ಹೊತ್ತಿಗೆ ಅವನು ಪ್ಯಾರಿಸಿಗೆ ಹೊರಟುಹೋಗಿದ್ದ. ಪ್ಯಾರಿಸ್ ಅವನ ಬಣ್ಣಗಳಿಗೆ ಬೆಳಕು ಕೊಟ್ಟಿತು. ೧೮೮೮ರ ಫೆಬ್ರುವರಿಯಲ್ಲಿ ಆರ್ಲ್ ಪಟ್ಟಣ, ಸೂರ್ಯಕಾಂತಿ ಚಿತ್ರಗಳು, ಡಿಸೆಂಬರಿನಲ್ಲಿ ಕಿವಿಯ ದುರಂತ, ೧೮೮೯ರ ಮೇ ತಿಂಗಳಲ್ಲಿ ಸಾಂ ರೆಮಿಯ ಚಿಕಿತ್ಸಾಲಯ, ಇವೆಲ್ಲ ಎಲ್ಲರಿಗೂ ತಿಳಿದ ಸಂಗತಿಗಳು, ಬೆಳೆಸಿ ಹೇಳಬೇಕಾಗಿಲ್ಲ.

ಆದರೆ ಆ ಚಿಕಿತ್ಸಾಲಯದ ಕೋಣೆಯಲ್ಲಿ ಅವನು ಕೈಗೆತ್ತಿಕೊಂಡದ್ದೇನು? ಒಂಬತ್ತು ವರ್ಷದ ಹಿಂದೆ ನಕಲು ಮಾಡಿದ್ದ ಅದೇ ಮಿಲೆಯ ರೈತರನ್ನು, ಈಗ ಬಣ್ಣಗಳಲ್ಲಿ. ೧೮೯೦ರ ಮೇ ತಿಂಗಳಲ್ಲಿ ಅಲ್ಲಿಯೇ ಹೇಗ್ ನಗರದ ಆ ಮುದುಕನನ್ನು ಮತ್ತೆ ಬರೆದ. ಅದೇ ಕುರ್ಚಿ, ಅದೇ ಬಾಗು, ಮುಖವನ್ನು ಮುಚ್ಚಿದ ಅದೇ ಎರಡು ಮುಷ್ಟಿ. ಎಂಟು ವರ್ಷದ ಹಿಂದೆ ಆಶ್ರಮದ ಮುದುಕನ ಸಂಕಟವಾಗಿದ್ದುದು ಈಗ ತನ್ನದೇ ಆಗಿತ್ತು. ಅದನ್ನು ಹೇಳಲು ಅಂದು ಕಲಿತ ಕೈಗಳೇ ಒದಗಿಬಂದವು.

ಅದೇ ತಿಂಗಳು ಪ್ಯಾರಿಸಿಗೆ ಹತ್ತಿರದ ಓವೆರ್ ಎಂಬ ಊರಿಗೆ ಬಂದು ಡಾಕ್ಟರ್ ಗಾಶೆಯ ಆರೈಕೆಯಲ್ಲಿದ್ದ. ಆ ಡಾಕ್ಟರನನ್ನೂ ಒಂದು ಕೈಯ ಮೇಲೆ ತಲೆ ಊರಿ, ಇನ್ನೊಂದನ್ನು ಮೇಜಿನ ಮೇಲಿಟ್ಟು ಕುಳಿತಂತೆ ಬರೆದ. ಅಲ್ಲಿಂದ ಥಿಯೋನಿಗೆ ಬರೆದು ಒಂದು ವಸ್ತುವನ್ನು ಕೇಳಿದ: ಬಾರ್ಗನ ಇದ್ದಿಲಿನ ಅಭ್ಯಾಸದ ಹಾಳೆಗಳು. ಮೈಕಟ್ಟಿನ ಪ್ರಮಾಣ ಕೈತಪ್ಪದಂತೆ ಅವನ್ನೆಲ್ಲ ಮತ್ತೊಮ್ಮೆ ತಿದ್ದಬೇಕೆಂದು ಅವನ ಆಸೆ. ಕೆಲವೇ ವಾರಗಳಲ್ಲಿ, ೧೮೯೦ರ ಜುಲೈ ೨೯ರಂದು, ೩೭ನೆಯ ವಯಸ್ಸಿನಲ್ಲಿ ಗುಂಡಿನ ಗಾಯದಿಂದ ತೀರಿಕೊಂಡ. ಆರು ತಿಂಗಳಿಗೆ ಥಿಯೋನೂ ಹೋದ. ಅಣ್ಣ ಬರೆದ ಕಾಗದಗಳನ್ನು ಥಿಯೋನ ಹೆಂಡತಿ ಯೊಹಾನ್ನಾ ಜೋಪಾನ ಮಾಡಿ ೧೯೧೪ರಲ್ಲಿ ಪ್ರಕಟಿಸಿದ್ದರಿಂದ ಈ ಹೆಣಗಾಟವೆಲ್ಲ ನಮಗೆ ತಿಳಿಯಿತು.

ಹತ್ತು ವರ್ಷದಲ್ಲಿ ಎಂಟುನೂರಕ್ಕೂ ಮಿಕ್ಕ ತೈಲಚಿತ್ರಗಳು, ಸಾವಿರಕ್ಕೂ ಮಿಕ್ಕ ರೇಖಾಚಿತ್ರಗಳು. ಈ ರಾಶಿಯನ್ನು ಹುಚ್ಚು ಕಟ್ಟಲಾರದು. ಹೊಸ ಚಿತ್ರಕಲೆಯ ದಾರಿಯನ್ನೇ ತಿರುಗಿಸಿದವನು ಕೊನೆಯ ಬೇಸಗೆಯಲ್ಲಿ ಬಾಲಪಾಠದ ಹಾಳೆಗಳನ್ನು ಮತ್ತೆ ಬೇಡಿದನೆಂಬ ಸಂಗತಿ ನನಗೆ ಅವನ ಸೂರ್ಯಕಾಂತಿಗಳಷ್ಟೇ ದೊಡ್ಡದಾಗಿ ಕಾಣುತ್ತದೆ. ಪ್ರತಿಭೆ ಇದ್ದವನು ಕಲಿಯಬೇಕಾಗಿಲ್ಲವೆಂದು ನಮ್ಮಲ್ಲಿ ಒಂದು ನಂಬಿಕೆಯುಂಟು; ಅದನ್ನೇ ಹಿಡಿದು, ತಮಗೆ ಪ್ರತಿಭೆಯಿಲ್ಲವೆಂದು ಕೈಚೆಲ್ಲುವವರೂ ಉಂಟು. ಇಬ್ಬರಿಗೂ ಈ ಬಾಳು ಉತ್ತರ ಹೇಳುತ್ತದೆ. ಸೀಸದಕಡ್ಡಿಯನ್ನು ಬಲಗೈಯಲ್ಲಿ ಹಿಡಿಯುವ ಮಿತ್ರರಿಗೆ ಎಡಗೈ ಬಿಡುವಾಗಿಯೇ ಇದೆ. ಅದನ್ನು ಎದುರಿಗಿಟ್ಟುಕೊಂಡು ಇಂದೇ ತೊಡಗಬಹುದು.